ನಾನು ಎಂಬ ವಿಳಾಸ

ಬಾಗಿಲು ತಟ್ಟಿದವರನ್ನು ಒಳಗಿನಿಂದ ‘ಯಾರು?’ ಎಂದು ಕೇಳಿದರೆ ಹೊರಗಿನಿಂದ ‘ನಾನು’ ಎಂದು ಉತ್ತರ ಕೊಡುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನೀವೇ ಹೇಳಿ, ಅದೂ ಒಂದು ಉತ್ತರವೇ? ಕಳ್ಳ ಬಂದರೂ, ಕರೆಂಟು ಬಿಲ್ಲಿನವನು ಬಂದರೂ, ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರೂ ಅವರವರ ಮಟ್ಟಿಗೆ ಎಲ್ಲರೂ ‘ನಾನು’ ತಾನೆ? ಫೋನಿನಲ್ಲಂತೂ ‘ಹಲೋ, ನಾನು ಮಾತಾಡುವುದು’ ಎಂದು ಶುರು ಮಾಡಿ, ಗುರುತು ಸಿಗಲಿಲ್ಲ ಎಂದರೆ ಮುನಿಸಿಕೊಳ್ಳುವವರಿದ್ದಾರೆ. ಅಂಥವರಿಗೆ ನಾನು ಎಷ್ಟೋ ಸಲ ಬುದ್ಧಿ ಹೇಳಿದ್ದೇನೆ. ಬುದ್ಧಿ ಹೇಳುವುದು ನನ್ನ ಕಸುಬು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಆದರೆ ಈಚೆಗೆ ಈ ವಿಷಯದಲ್ಲಿ ಬಾಯಿ ತೆರೆಯುವ ಯೋಗ್ಯತೆ ನನಗೆ ಉಳಿದಿಲ್ಲ. ಇಡೀ ಕುಟುಂಬ ಕೂತ ಚಾವಡಿಯಲ್ಲಿ ನಾನೇ ಬರೆದ ಪ್ರೋಗ್ರಾಮು ಬಂದವರಿಗೆಲ್ಲ ‘ನಾನು, ನಾನು’ ಎಂದು ವಿಳಾಸ ಕೊಟ್ಟುಕೊಂಡು ಕೂತಿತ್ತು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಕಡೆ ವಿಳಾಸ ಎನ್ನುವುದು ಸುಲಭದ ಸಂಗತಿಯಲ್ಲ. ನನ್ನನ್ನೇ ತೆಗೆದುಕೊಳ್ಳಿ. ಅಂಚೆಯವನಿಗೆ ನಾನು ಮೂಡುಬಿದಿರೆಯ ಒಂದು ಬಾಡಿಗೆ ಮನೆಯ ನಂಬರು. ಬಸ್ಸಿನ ಕಂಡಕ್ಟರನಿಗೆ ಆ ನಂಬರು ಹೇಳಿದರೆ ಅವನು ನನ್ನ ಮುಖ ನೋಡುತ್ತಾನೆ. ಅವನಿಗೆ ಬೇಕಾದದ್ದು ಸ್ಟಾಪಿನ ಹೆಸರು. ಅದೂ ಬೋರ್ಡಿನಲ್ಲಿ ಬರೆದ ಹೆಸರಲ್ಲ, ಎಂದೋ ಮುಚ್ಚಿಹೋದ ಸೋಡಾ ಅಂಗಡಿಯ ಹೆಸರು. ಮದುವೆ ಹಾಲಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ‘ಇಲ್ಲ್ ಓಲು?’ ಎಂದು ತುಳುವಿನಲ್ಲಿ ಮನೆ ಕೇಳಿದರೆ ಈ ಎರಡೂ ಉಪಯೋಗಕ್ಕಿಲ್ಲ. ನಾನು ಮಲಗಿ ಏಳುವ ಜಾಗ ಕಟ್ಟಿಕೊಂಡು ಅವರಿಗೇನು? ಅವರು ಕೇಳುವುದು ಕುಟುಂಬದ ಮನೆಯನ್ನು. ನಮ್ಮಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರಾದ್ದರಿಂದ ವಾಮದಪದವಿನ ಆಚೆಗಿರುವ ಅಮ್ಮನ ಮನೆಯ ಹೆಸರು ಹೇಳಬೇಕು. ಹೇಳಿದ ಮೇಲೂ ಬಿಡುವುದಿಲ್ಲ, ಬಳಿ, ಅಂದರೆ ತಾಯಿ ಕಡೆಯ ಗೋತ್ರ, ಯಾವುದು ಎನ್ನುತ್ತಾರೆ. ಅದನ್ನೂ ಹೇಳಿದರೆ, ‘ಹಾಗಾದ್ರೆ ನೀನು ನನಗೆ ಚಿಕ್ಕಮ್ಮ ಆಗ್ಬೇಕಲ್ಲ ಮಾರಾಯ್ತಿ’ ಎಂದು ಹಲ್ಲಿಲ್ಲದ ಬಾಯಲ್ಲಿ ನಗುತ್ತಾರೆ. ಒಬ್ಬಳಿಗೇ ಇಷ್ಟು ವಿಳಾಸ. ಯಾರಿಗೆ ಯಾವುದನ್ನು ಹೇಳಬೇಕೆಂದು ನಮಗೆ ಯಾರೂ ಕಲಿಸುವುದಿಲ್ಲ, ಹಾಗಿದ್ದರೂ ತಪ್ಪುವುದಿಲ್ಲ.

ಕಂಪ್ಯೂಟರಿನ ಸಂಸಾರವೂ ಹೀಗೆಯೇ. ಒಂದೇ ಯಂತ್ರವಾದರೂ ಅದಕ್ಕೆ ಹಲವು ಬಾಗಿಲು, ಬಾಗಿಲಿಗೊಂದು ವಿಳಾಸ. ತಂತಿ ಚುಚ್ಚುವ ಕಡೆ ಒಂದು, ವೈಫೈಗೆ ಇನ್ನೊಂದು, ಯಾವುದೋ ಸಾಫ್ಟ್‌ವೇರು ಹಾಕುವಾಗ ಕೇಳದೆ ಒಳಗೆ ಬಂದು ಕೂತದ್ದು ಮತ್ತೊಂದು. ಇವೆಲ್ಲಕ್ಕಿಂತ ವಿಚಿತ್ರವಾದದ್ದು ನೂರಿಪ್ಪತ್ತೇಳರಿಂದ ಶುರುವಾಗುವ ಒಂದು ವಿಳಾಸ. ಅದು ಯಂತ್ರ ತನ್ನೊಡನೆ ತಾನೇ ಮಾತಾಡಿಕೊಳ್ಳಲು ಇಟ್ಟುಕೊಂಡದ್ದು. ಲೋಕದ ಎಲ್ಲ ಕಂಪ್ಯೂಟರಿಗೂ, ಎಲ್ಲ ಫೋನಿಗೂ ಆ ವಿಳಾಸ ಒಂದೇ, ನಮ್ಮೆಲ್ಲರಿಗೂ ‘ನಾನು’ ಇರುವ ಹಾಗೆ. ಅದನ್ನು ಹಿಡಿದು ಹೊರಟರೆ ಯಾರೂ ಇನ್ನೊಬ್ಬರ ಮನೆ ಮುಟ್ಟುವುದಿಲ್ಲ, ತಮ್ಮ ಅಂಗಳಕ್ಕೇ ತಿರುಗಿ ಬರುತ್ತಾರೆ. ಈ ಎಲ್ಲ ವಿಳಾಸಗಳನ್ನೂ ಪಟ್ಟಿ ಮಾಡುವ ಪ್ರೋಗ್ರಾಮನ್ನು ನಾನು ವರ್ಷವೂ ಲ್ಯಾಬಿನಲ್ಲಿ ಬರೆಸುತ್ತೇನೆ. ಪರದೆಯ ಮೇಲೆ ಪಟ್ಟಿ ಬಿದ್ದರೆ ಸರಿ ಗುರುತು ಹಾಕಿ ಮುಂದಿನ ಬೆಂಚಿಗೆ ಹೋಗುತ್ತೇನೆ. ಇದರಲ್ಲಿ ಯಾವುದನ್ನು ಯಾರಿಗೆ ಕೊಡಬೇಕಮ್ಮ ಎಂದು ಒಬ್ಬ ವಿದ್ಯಾರ್ಥಿನಿಯನ್ನೂ ಕೇಳಿದ್ದಿಲ್ಲ. ಪರೀಕ್ಷೆಗೆ ಅದು ಬರುವುದಿಲ್ಲವಲ್ಲ.

ಈಗ ನನ್ನ ಸೋದರಮಾವನ ವಿಷಯ. ಮಾವ ಮತ್ತು ಅಮ್ಮ ಇಬ್ಬರೂ ಇರುವುದು ವಾಮದಪದವಿನ ಆ ಕುಟುಂಬದ ಮನೆಯಲ್ಲೇ. ಮಾವನಿಗೆ ಕಿವಿ ಕೇಳುವುದು ಬಹಳ ಕಡಿಮೆ. ಎಡದ ಕಿವಿ ಪೂರ್ತಿ ಹೋಗಿದೆ, ಬಲದ ಕಿವಿಯ ಹತ್ತಿರ ಬಾಯಿಟ್ಟು ನಿಧಾನವಾಗಿ ಹೇಳಿದರೆ ಅಷ್ಟಿಷ್ಟು ತಲುಪುತ್ತದೆ. ಕಿವಿಯ ಮೆಷಿನು ತಂದುಕೊಟ್ಟೆವು. ಜನ ಸೇರಿದಲ್ಲಿ ಅದರಲ್ಲಿ ಬರೀ ಗೌಜಿ ಕೇಳುತ್ತದೆಂದು ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಆದರೆ ಮಾವನ ನಿಜವಾದ ಕಷ್ಟ ಕಿವಿಯದ್ದಲ್ಲ, ಮರ್ಯಾದೆಯದ್ದು. ‘ನನಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳು’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕಂಡಿರಲಿಲ್ಲ. ಎದುರಿನವರ ತುಟಿ ನಿಂತ ಕೂಡಲೇ ಅವರು ತಲೆ ಆಡಿಸಿ ‘ಆವು ಆವು’ ಎನ್ನುತ್ತಾರೆ, ಆಗಲಿ ಎಂದು. ಎಲ್ಲರೂ ನಕ್ಕರೆ ಎಲ್ಲರಿಗಿಂತ ತುಸು ತಡವಾಗಿ, ಎಲ್ಲರಿಗಿಂತ ತುಸು ಜಾಸ್ತಿ ನಗುತ್ತಾರೆ. ಒಮ್ಮೆ ಒಬ್ಬರು ತಮ್ಮ ಹಸು ಸತ್ತ ವಿಷಯ ಹೇಳಿದಾಗ ‘ಆವು ಆವು, ಒಳ್ಳೇದಾಯ್ತು’ ಎಂದುಬಿಟ್ಟು ನಮಗೆಲ್ಲ ಪೇಚಾಗಿತ್ತು.

ಮಳೆ ಇಳಿಯುವ ಹೊತ್ತಿನ ಸೋಣ ತಿಂಗಳ ಸಂಕ್ರಾಂತಿಗೆ ಕುಟುಂಬದವರೆಲ್ಲ ಮನೆಯ ಚಾವಡಿಯಲ್ಲಿ ಸೇರಿ ಆ ವರ್ಷದ ವಿಚಾರಗಳನ್ನು ಮಾತಾಡಿ ಮುಗಿಸುವುದು ನಮ್ಮ ಕಟ್ಟು, ಹಿಂದಿನಿಂದ ಬಂದ ಪದ್ಧತಿ. ಪ್ರತಿ ಸಲವೂ ಅಮ್ಮ ಮಾವನ ಬಲಕ್ಕೆ ಕೂತು, ಯಾರು ಏನೆಂದರು ಎಂದು ಕಿವಿಯಲ್ಲಿ ಹೇಳುತ್ತಾ ಹೋಗುತ್ತಿದ್ದಳು. ಅವಳು ಎಲ್ಲವನ್ನೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ. ತನಗೆ ಮುಖ್ಯ ಎನಿಸಿದ್ದನ್ನು, ತನ್ನ ಟೀಕೆ ಸೇರಿಸಿ, ಒಗ್ಗರಣೆ ಹಾಕಿ ಹೇಳುತ್ತಿದ್ದಳು. ಕಂಪ್ಯೂಟರ್ ಕಲಿತ ನನಗೆ ಇದು ಸರಿಬರಲಿಲ್ಲ. ಸಭೆಯಲ್ಲಿ ಆಡಿದ ಮಾತನ್ನೆಲ್ಲ ನಾನು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುವುದು, ಅದು ಆ ಕ್ಷಣವೇ ಮಾವನ ಫೋನಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು, ಹೀಗೊಂದು ಪ್ರೋಗ್ರಾಮು ಬರೆಯುತ್ತೇನೆ ಎಂದು ಹೊರಟೆ. ಅಲ್ಲಿ ಮೊಬೈಲಿನ ಸಿಗ್ನಲ್ಲು ಬಾವಿಕಟ್ಟೆಯ ಹತ್ತಿರ ಬಿಟ್ಟರೆ ಎಲ್ಲೂ ಸಿಗುವುದಿಲ್ಲವಾದ್ದರಿಂದ ಒಂದು ಸಣ್ಣ ರೌಟರನ್ನು ಇಲ್ಲಿಂದಲೇ ಒಯ್ಯುವುದೆಂದೂ ಯೋಚಿಸಿಕೊಂಡೆ.

ಪ್ರೋಗ್ರಾಮು ಚೆಂದವಾಗಿಯೇ ಆಯಿತು. ಅದು ಮೊದಲು ಲ್ಯಾಪ್‌ಟಾಪಿನ ವಿಳಾಸಗಳನ್ನೆಲ್ಲ ಪಟ್ಟಿ ಮಾಡಬೇಕು, ಅದರಲ್ಲೊಂದನ್ನು ಆರಿಸಿ ಚೌಕದ ಚಿತ್ರ ಮಾಡಿ ಪರದೆಯಲ್ಲಿ ತೋರಿಸಬೇಕು. ಅಂಗಡಿಯಲ್ಲಿ ದುಡ್ಡು ಕೊಡಲು ಫೋನು ಹಿಡಿಯುವ ಹಾಗೆ ಮಾವ ಅದಕ್ಕೆ ಫೋನು ಹಿಡಿದರೆ ಪುಟ ತೆರೆಯಬೇಕು. ಪಟ್ಟಿಯಲ್ಲಿ ಯಾವುದನ್ನು ಆರಿಸುವುದು? ನಾನು ಯೋಚನೆಯನ್ನೇ ಮಾಡಲಿಲ್ಲ. ಮೊದಲನೆಯದು ಎಂದು ಬರೆದೆ. ನಮ್ಮಲ್ಲಿ ಊಟಕ್ಕೆ ಎಲೆ ಹಾಕುವಾಗ ಮೊದಲ ಎಲೆ ಯಜಮಾನನದು, ವೀಳ್ಯ ಕೊಡುವಾಗ ಮೊದಲ ವೀಳ್ಯ ಹಿರಿಯನಿಗೆ. ಸಾಲಿನಲ್ಲಿ ಮೊದಲು ಕೂತವನೇ ಮುಖ್ಯಸ್ಥ ಎನ್ನುವುದು ನನ್ನ ಕೈಬೆರಳಿಗೂ ಅಂಟಿಹೋಗಿರಬೇಕು. ಕಂಪ್ಯೂಟರಿಗೆ ಪಂಕ್ತಿಯ ಮರ್ಯಾದೆ ಎಲ್ಲಿಂದ ಬರಬೇಕು? ಅದರ ಪಟ್ಟಿಯಲ್ಲಿ ಮೊದಲು ಬಂದು ಕೂತಿದ್ದದ್ದು ಆ ನೂರಿಪ್ಪತ್ತೇಳು. ಗೊತ್ತಿಲ್ಲದೆ ಆದದ್ದಾದರೆ ಇಷ್ಟು ನಾಚಿಕೆಯಿಲ್ಲ. ನನಗೆ ಗೊತ್ತಿತ್ತು. ವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನೇ.

ಮನೆಯಲ್ಲಿ ಪರೀಕ್ಷೆ ಮಾಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಮಾಡಿದೆ. ಅದೇ ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿದೆ, ಅದೇ ಲ್ಯಾಪ್‌ಟಾಪಿನ ಇನ್ನೊಂದು ಕಿಟಕಿಯಲ್ಲಿ ಓದಿದೆ. ಅದ್ಭುತವಾಗಿ ಬಂತು. ಬಾರದೆ ಏನು? ನನ್ನನ್ನು ನಾನೇ ಕೇಳಿ ನಾನೇ ಹೂಂ ಎಂದುಕೊಂಡದ್ದು ಅದು. ಫೋನಿನಲ್ಲಿ ಒಮ್ಮೆ ನೋಡಬೇಕಿತ್ತು. ಆದರೆ ಅಷ್ಟರಲ್ಲಿ ನನಗೆ ನನ್ನ ಮೇಲೆ ಎಷ್ಟು ಮೆಚ್ಚುಗೆ ಬಂದಿತ್ತೆಂದರೆ ಫೋನು ಹುಡುಕಲು ಎದ್ದು ಹೋಗಬೇಕೆನಿಸಲಿಲ್ಲ.

ಸಭೆಯ ದಿನ ನಾನು ಮೊದಲು ಮಾಡಿದ ಕೆಲಸ ಅಮ್ಮನನ್ನು ಎಬ್ಬಿಸಿದ್ದು. ಅವಳು ಎಂದಿನಂತೆ ಮಾವನ ಬಲಕ್ಕೆ ಬಂದು ಕೂತಿದ್ದಳು. ‘ನೀನಿನ್ನು ಕಿವಿಯಲ್ಲಿ ಹೇಳ್ಲಿಕ್ಕಿಲ್ಲ ಅಮ್ಮ, ಎಲ್ಲ ಅವರಿಗೆ ಫೋನಲ್ಲೇ ಕಾಣ್ತದೆ. ನೀನು ಆರಾಮ ಮಾಡು’ ಎಂದೆ, ಎಲ್ಲರಿಗೂ ಕೇಳುವ ಹಾಗೆ. ಅಮ್ಮ ಮಾವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡು ಅಡಿಗೆಮನೆಗೆ ಹೋದಳು. ನಾನು ಯಂತ್ರದ ಬಗ್ಗೆ ಸಣ್ಣ ಭಾಷಣವನ್ನೂ ಮಾಡಿದೆ. ಸಭೆ ನಡೆಸುವವರು ನನ್ನ ದೊಡ್ಡಮ್ಮನ ಮಗ, ಬೆಳ್ತಂಗಡಿಯಲ್ಲಿ ಹೋಟೆಲು ಇಟ್ಟಿರುವ ಜಗದೀಶಣ್ಣ. ‘ನಮ್ಮ ಕುಟುಂಬಕ್ಕೂ ಒಬ್ಬಳು ವಿಜ್ಞಾನಿ ಉಂಟು’ ಎಂದು ಚಪ್ಪಾಳೆ ಹೊಡೆಸಿದರು. ಮಾವ ಫೋನು ಹಿಡಿದರು, ಚೌಕ ಸಿಕ್ಕಿತು, ಹೋಗಿ ತಮ್ಮ ಜಾಗದಲ್ಲಿ ಕೂತರು. ನಾನು ಟೈಪು ಮಾಡಲು ಶುರು ಮಾಡಿದೆ. ಆಗಾಗ ತಲೆ ಎತ್ತಿ ನೋಡುತ್ತಿದ್ದೆ. ಮಾವ ಕನ್ನಡಕ ಮೂಗಿಗೆ ಇಳಿಸಿ ಫೋನು ನೋಡುತ್ತಿದ್ದರು, ತಲೆ ಆಡಿಸುತ್ತಿದ್ದರು, ಬೆರಳಲ್ಲಿ ಪುಟವನ್ನು ಮೇಲೆ ಕೆಳಗೆ ಸರಿಸುತ್ತಿದ್ದರು. ನನಗೆ ಎಷ್ಟು ಖುಷಿಯಾಯಿತೆಂದು ಈಗ ಬರೆಯಲಿಕ್ಕೂ ನಾಚಿಕೆ.

ಆ ದಿನ ಮಾತಾಡಿದ್ದರಲ್ಲಿ ಒಂದು ವಿಷಯ ಮಾವನದ್ದೇ. ಮನೆಯ ಹಿಂದಿನ ಗುಡ್ಡೆಯಲ್ಲಿ ನಮ್ಮ ಕುಟುಂಬದ ದೈವದ ಸಣ್ಣ ಗುಡಿ ಇದೆ. ದಿನವೂ ಮುಸ್ಸಂಜೆಗೆ ಮೆಟ್ಟಿಲು ಹತ್ತಿ ಹೋಗಿ, ಬಾಗಿಲು ತೆಗೆದು ದೀಪ ಇಡುವುದು ಮಾವ. ಗುಡಿಯ ಕೀಲಿಕೈ ಅವರ ಸೊಂಟದ ದಾರದಲ್ಲೇ ಇರುತ್ತದೆ. ಮೆಟ್ಟಿಲಿಗೆ ಪಾಚಿ, ಅವರಿಗೆ ಪ್ರಾಯ. ಬಿದ್ದರೆ ಏನು ಮಾಡುವುದು ಎಂದು ಜಗದೀಶಣ್ಣ ಎತ್ತಿದರು. ವಾಮದಪದವಿನಿಂದ ಒಬ್ಬರು ಬೈಕಿನಲ್ಲಿ ಬಂದು ದೀಪ ಇಟ್ಟು ಹೋಗಲು ಒಪ್ಪಿದ್ದಾರೆ, ಮಾವ ಇನ್ನು ವಿಶ್ರಾಂತಿ ತೆಗೆದುಕೊಳ್ಳಲಿ ಎಂದರು. ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ನಾನು ಅಷ್ಟನ್ನೂ ಒಂದಕ್ಷರ ಬಿಡದೆ ಟೈಪು ಮಾಡಿದೆ. ಜಗದೀಶಣ್ಣ ಮಾವನ ಕಡೆ ತಿರುಗಿ, ಆಗಬಹುದಾ ಎಂದು ಕೈಯಲ್ಲಿ ಕೇಳಿದರು. ಮಾವ ಫೋನಿನಿಂದ ತಲೆ ಎತ್ತಿದರು. ನನ್ನನ್ನೊಮ್ಮೆ ನೋಡಿದರು. ‘ಆವು ಆವು’ ಎಂದರು. ‘ಮಾವ ಒಪ್ಪಿದರು’ ಎಂದು ನಾನು ಟೈಪು ಮಾಡಿದೆ.

ಗೊತ್ತಾದದ್ದು ಮುಂದೆ ಒಂದು ಭಾನುವಾರ ಅಮ್ಮನನ್ನು ನೋಡಲು ಹೋದಾಗ. ಮುಸ್ಸಂಜೆಯ ಹೊತ್ತು, ಮಾವ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಸೊಂಟದ ದಾರದಲ್ಲಿ ಕೀಲಿಕೈ ಇರಲಿಲ್ಲ. ಗುಡ್ಡೆಯ ಬುಡದ ತನಕ ಒಂದು ಬೈಕಿನ ಬೆಳಕು ಹೋಗಿ ಬಂತು. ಅವರು ಫೋನನ್ನು ನನ್ನ ಕೈಗೆ ಕೊಟ್ಟು, ‘ಇದರ ಅಕ್ಷರ ಸಣ್ಣದಾಗಿ ಉಂಟು, ದೊಡ್ಡದು ಮಾಡಿ ಕೊಡು ಮಗಾ’ ಎಂದರು. ತೆರೆದು ನೋಡಿದರೆ ಸಭೆಯ ದಿನದ ಪುಟ ಹಾಗೆಯೇ ಇತ್ತು. ಬಿಳಿಯ ಪರದೆ, ತಲುಪಲಾಗಲಿಲ್ಲ ಎಂಬ ಒಂದು ಸಾಲು, ಮೇಲೆ ನೂರಿಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು. ನನ್ನ ಲ್ಯಾಪ್‌ಟಾಪು ಮಾವನ ಫೋನಿಗೆ ‘ನಾನು ಇಲ್ಲಿದ್ದೇನೆ’ ಎಂದಿತ್ತು, ಫೋನು ಪಾಪ ತನ್ನೊಳಗೇ ಹುಡುಕಿ ಬರಿಗೈಯಲ್ಲಿ ಕೂತಿತ್ತು. ಮಾವ ಆ ದಿನವೆಲ್ಲ ಈ ಖಾಲಿ ಪುಟವನ್ನೇ ಮೇಲೆ ಕೆಳಗೆ ಸರಿಸುತ್ತಿದ್ದರು.

ಬಲದ ಕಿವಿಯ ಹತ್ತಿರ ಹೋಗಿ ಕೇಳಿದೆ: ‘ಮಾವ, ಅವತ್ತು ಏನೂ ಬರಲಿಲ್ವಾ?’

‘ಇಲ್ಲ’ ಎಂದರು.

‘ಮತ್ತೆ ಆವು ಅಂದದ್ದು ಎಂತಕ್ಕೆ?’

‘ಅಷ್ಟು ಜನರ ಎದುರು ನೀನು ಅಷ್ಟು ಹೇಳಿದ್ದಿ. ನಾನು ಎದ್ದು ನಿಂತು ಎಂತದೂ ಕಾಣುದಿಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ? ನಿನ್ನ ಮರ್ಯಾದೆ ಪ್ರಶ್ನೆ ಅಲ್ವಾ?’

ಕೀಲಿಕೈಯನ್ನು ಯಾಕೆ ಕೊಟ್ಟಿರಿ ಎಂದೆ. ಬೈಕಿನ ಆ ಮನುಷ್ಯ ಬಂದು ಕೀಲಿಕೈ ಕೇಳಿದಾಗಲೇ ಅವರಿಗೆ ವಿಷಯ ತಿಳಿದದ್ದಂತೆ. ಚಾವಡಿಯಲ್ಲಿ ಹೂಂ ಎಂದ ಮೇಲೆ ಆಯಿತು, ಜಗಲಿಯಲ್ಲಿ ಕೂತು ಇಲ್ಲ ಅನ್ನುವ ಹಾಗಿಲ್ಲ ಎಂದರು. ಅದೂ ನಮ್ಮ ಕಟ್ಟೇ. ಗುಡ್ಡೆಯ ಕಡೆ ನೋಡುತ್ತಾ ಹೇಳಿದರು: ‘ಮಂಡೆಬಿಸಿ ಮಾಡ್ಬೇಡ. ಬೇಜಾರು ಇಷ್ಟೇ, ನನಗೆ ಮಾತಾಡ್ಲಿಕ್ಕೆ ಇದ್ದದ್ದು ಅದೊಂದು ಜಾಗ. ಅಲ್ಲಿ ನಾನು ಹೇಳುವುದು ಮಾತ್ರ. ತಿರುಗಿ ಯಾರೂ ಎಂತದೂ ಹೇಳುದಿಲ್ಲ, ಕೇಳಿತಾ ಅಂತ ಕೇಳುದಿಲ್ಲ.’

ನಾನು ಬಸ್ಸು ಹತ್ತಿ ಬಂದೆ. ಇಷ್ಟೆಲ್ಲ ಆದ ಮೇಲೆ ಮೂಡುಬಿದಿರೆಗೆ ಬಂದು ನಾನು ಮಾಡಿದ್ದೇನು ಗೊತ್ತೇ? ಪ್ರೋಗ್ರಾಮು ಸರಿಮಾಡಿದೆ. ಪಟ್ಟಿಯಲ್ಲಿ ನೂರಿಪ್ಪತ್ತೇಳು ಸಿಕ್ಕಿದರೆ ಬಿಟ್ಟು ಮುಂದೆ ಹೋಗು, ವೈಫೈಯದ್ದನ್ನು ಕೊಡು ಎಂದು ಒಂದೇ ಸಾಲು. ನನ್ನ ಫೋನಿನಲ್ಲಿ ಪುಟ ತೆರೆದದ್ದೇ ಎದೆಯ ಭಾರ ಅರ್ಧ ಇಳಿಯಿತು. ಮಾವನ ದೀಪ ಹೋದದ್ದು ಹೋಗಿಯೇ ಇತ್ತು, ನನಗೆ ಮಾತ್ರ ರಿಪೇರಿ ಆದ ಸಮಾಧಾನ. ನಮ್ಮ ಕಸುಬಿನವರ ಜಾಯಮಾನವೇ ಹೀಗೆ. ಅತ್ತ ಮನುಷ್ಯ ಸಪ್ಪೆಯಾಗಿ ಕೂತಿದ್ದರೂ ಇತ್ತ ಪರದೆಯಲ್ಲಿ ‘ಸರಿ’ ಎಂಬ ಹಸಿರು ಬಂದರೆ ಊಟ ಸೇರುತ್ತದೆ.

ಉಳಿದರ್ಧ ಭಾರ ಇಳಿಸಲು ಜಗದೀಶಣ್ಣನಿಗೆ ಫೋನು ಮಾಡಿದೆ. ಇಲ್ಲಿಯ ತನಕ ಹೇಳಿದ್ದಕ್ಕಿಂತ ದೊಡ್ಡ ನಾಚಿಕೆಗೇಡು ಇದು. ‘ಅವತ್ತು ಅಲ್ಲಿ ನೆಟ್‌ವರ್ಕ್ ಸರಿ ಇರಲಿಲ್ಲ ಅಣ್ಣ, ಮಾವನಿಗೆ ಎಲ್ಲ ಸರಿಯಾಗಿ ಹೋಗಿಲ್ಲವೋ ಏನೋ’ ಎಂದೆ. ಈ ಕಾಲದಲ್ಲಿ ನೆಟ್‌ವರ್ಕಿನ ಮೇಲೆ ಹಾಕಲಾಗದ ತಪ್ಪು ಯಾವುದಿದೆ? ಅದು ಎದ್ದು ಬಂದು ‘ನಾನಲ್ಲ’ ಎನ್ನುವುದಿಲ್ಲ. ಜಗದೀಶಣ್ಣನೂ ಅನುಮಾನಿಸಲಿಲ್ಲ.

‘ನಮ್ಮ ಊರಿನ ನೆಟ್‌ವರ್ಕ್ ಗೊತ್ತುಂಟಲ್ಲ ಮಾರಾಯ್ತಿ. ಆದ್ರೆ ದೀಪದ ವಿಷಯ ಮಾವ ಓದಿ, ಎಲ್ಲರ ಎದುರೇ ಆವು ಅಂದಿದ್ದಾರೆ. ಚಾವಡಿಯಲ್ಲಿ ಆದ ಮಾತು. ಅದನ್ನು ಫೋನಲ್ಲಿ ಬದಲು ಮಾಡ್ಲಿಕ್ಕೆ ಆಗುದಿಲ್ಲ’ ಎಂದರು.

ಹಾಗಾದರೆ ಚಾವಡಿಯಲ್ಲೇ ಹೇಳಬೇಕು. ನೆಟ್‌ವರ್ಕಿನ ಹೆಸರು ಹೇಳಿದರೆ ಸಾಲದು, ಮಾವ ಏನನ್ನೂ ಓದದೆ ನನ್ನ ಮರ್ಯಾದೆ ಉಳಿಸಲು ತಲೆ ಆಡಿಸಿದರು ಎಂದೇ ಹೇಳಬೇಕು. ಎಲ್ಲರೂ ಮತ್ತೆ ಸೇರುವುದು ಹೊಸಕ್ಕಿ ಊಟಕ್ಕೆ. ಅಲ್ಲಿಯ ತನಕ ನಾನು ಕನ್ನಡಿಯ ಎದುರು, ಬಸ್ಸಿನಲ್ಲಿ, ಉತ್ತರಪತ್ರಿಕೆ ತಿದ್ದುವಾಗ ಆ ಮಾತನ್ನು ಅಭ್ಯಾಸ ಮಾಡಿದೆ. ಅಭ್ಯಾಸದಲ್ಲಿ ಎಲ್ಲ ಬಹಳ ಚೆನ್ನಾಗಿ ಬರುತ್ತಿತ್ತು. ಕೇಳುತ್ತಿದ್ದವಳು ನಾನೊಬ್ಬಳೇ ತಾನೆ?

ಹೊಸಕ್ಕಿಯ ದಿನ ಲ್ಯಾಪ್‌ಟಾಪು ಒಯ್ಯಲಿಲ್ಲ. ಊಟಕ್ಕೆ ಎಲೆ ಹಾಕುವ ಮೊದಲು ಚಾವಡಿಯ ನಡುವೆ ನಿಂತೆ. ಅಭ್ಯಾಸ ಮಾಡಿದ ಪೀಠಿಕೆಯೆಲ್ಲ ಎಲ್ಲಿಗೋ ಹೋಯಿತು. ‘ಅವತ್ತು ಮಾವನ ಫೋನಿಗೆ ಒಂದಕ್ಷರವೂ ಹೋಗಿರಲಿಲ್ಲ. ನೆಟ್‌ವರ್ಕಿನದ್ದಲ್ಲ, ನನ್ನ ತಪ್ಪು. ನಾನು ಫೋನಿನಲ್ಲಿ ಪರೀಕ್ಷೆ ಮಾಡದೆ ತಂದಿದ್ದೆ. ದೀಪದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಅವಮಾನ ಆಗ್ಬಾರದು ಅಂತ ಅವರು ಆವು ಅಂದದ್ದು’ ಎಂದು ಒಂದೇ ಉಸಿರಿಗೆ ಹೇಳಿದೆ. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು. ಜಗದೀಶಣ್ಣ ಮಾವನ ಕಡೆ ನೋಡಿದರು. ನಾನೂ ನೋಡಿದೆ. ಮಾವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಾ ಕೂತಿದ್ದರು. ನಾನು ಹೇಳಿದ್ದು ಅವರನ್ನು ಬಿಟ್ಟು ಉಳಿದೆಲ್ಲರಿಗೂ ತಲುಪಿತ್ತು.

ಇನ್ನೇನು, ಅವರು ತಲೆ ಆಡಿಸುತ್ತಾರೆ ಎಂದುಕೊಂಡೆ. ಹೋಗಿ ಅವರ ಬಲಕ್ಕೆ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತೆ. ಕಿವಿಯ ಹತ್ತಿರ ಬಾಯಿಟ್ಟು, ಇನ್ನೊಮ್ಮೆ ಅಷ್ಟನ್ನೂ ಸಣ್ಣ ಸ್ವರದಲ್ಲಿ ಹೇಳಿದೆ. ‘ಕೇಳಿತಾ ಮಾವ?’ ಎಂದೆ.

ಮಾವ ತಲೆ ಆಡಿಸಲಿಲ್ಲ. ಕಿವಿ ಮಂದವಾದವರು ಮಾತಾಡುವ ಹಾಗೆ, ಇಡೀ ಚಾವಡಿಗೆ ಕೇಳುವಂತೆ ಹೇಳಿದರು: ‘ಇಲ್ಲ. ನನಗೆ ಕೇಳಲಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಹೇಳು.’

ಅಮ್ಮನ ಕೈಯ ಸೌಟು ಅಲ್ಲೇ ನಿಂತಿತು. ಆ ಮಾತನ್ನು ಅವರ ಬಾಯಲ್ಲಿ ಅವಳೂ ಕೇಳಿರಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ, ಜೋರಾಗಿ. ಅವರು ಕೈಯನ್ನು ಕಿವಿಗೆ ಹಿಡಿದು, ‘ಎಂತ? ಯಾರ ತಪ್ಪು?’ ಎಂದರು. ‘ನನ್ನದು!’ ಎಂದು ಕೂಗಿದೆ. ಹಟ್ಟಿಯಲ್ಲಿದ್ದ ಕರು ಎದ್ದು ನಿಂತಿತು. ಚಾವಡಿಯಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

ಜಗದೀಶಣ್ಣ ಎದ್ದು ಒಳಗೆ ಹೋಗಿ ಬಂದರು. ಬೈಕಿನವರು ಆ ದಿನ ಹೊಸಕ್ಕಿಯೆಂದು ಕೀಲಿಕೈಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋಗಿದ್ದರು. ಅದನ್ನು ಮಾವನ ಎದುರಿಗಿಟ್ಟು, ಮೆಟ್ಟಿಲಿಗೆ ಒಂದು ಕೈಹಿಡಿ ಹಾಕಿಸುವ, ದೀಪ ನೀವೇ ಇಡಿ, ಆಗಬಹುದಾ ಎಂದು ಕೇಳಿದರು. ಮಾವ ನನ್ನ ಕಡೆ ತಿರುಗಿ ಕಿವಿ ಕೊಟ್ಟರು. ಏನೂ ಸೇರಿಸದೆ, ಏನೂ ಬಿಡದೆ ನಾನದನ್ನು ಕಿವಿಯಲ್ಲಿ ಹೇಳಿದೆ. ಆಮೇಲೆಯೇ ಅವರು ‘ಆವು’ ಎಂದು ಕೀಲಿಕೈ ತೆಗೆದುಕೊಂಡದ್ದು. ದಾರಕ್ಕೆ ಕಟ್ಟಿಕೊಳ್ಳುತ್ತಾ ನನಗೆ ಮಾತ್ರ ಕೇಳುವಂತೆ, ‘ಮೊದಲ ಸಲವೇ ಕೇಳಿತ್ತು ಮಗಾ’ ಎಂದರು.